ಫಿಲೊಮಿನಾ ಎಳೆದ ಗೆರೆ

ಬಹರೈನಿನಲ್ಲಿರುವ ಮಂಗಳೂರು ಕಡೆಯವರಲ್ಲಿ ಫಿಲೊಮಿನಾಳ ಅಳತೆ ಟೇಪನ್ನು ಕಾಣದವರು ಕಡಿಮೆ. ಹಿದ್ ಬಂದರಿನ ಬಳಿ ಒಂದು ಹಡಗು ಸಾಗಣೆ ಕಚೇರಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಕಾಗದಪತ್ರಗಳನ್ನು ನೋಡುವವಳು ಅವಳು. ಕಂಟೇನರುಗಳ ಉದ್ದಗಲ ಬರೆದ ಹಾಳೆ ಅವಳ ಕಣ್ಣು ತಪ್ಪಿಸಿ ಹೊರಗೆ ಹೋದದ್ದಿಲ್ಲ. ಮನೆಗೆ ಹೊಸ ಕಪಾಟು ಬಂದರೆ ಅಂಗಡಿಯವನು ಹೇಳಿದ ಅಳತೆಯನ್ನು ನಂಬುವವಳಲ್ಲ. ಕೈಚೀಲದಿಂದ ಟೇಪು ಹೊರಬರಲೇಬೇಕು.

ಆ ಟೇಪಿಗೆ ವರ್ಷಕ್ಕೊಮ್ಮೆ ಹಬ್ಬ. ಡಿಸೆಂಬರಿನ ಎರಡನೆಯ ಶುಕ್ರವಾರ, ಮಂಗಳೂರಿನಲ್ಲಿ ಎಲ್ಲರೂ 'ಗುಡ್ಡೆ ಕಾಲೇಜು' ಎಂದು ಕರೆಯುತ್ತಿದ್ದ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಜಿಂಜ್ ಬಡಾವಣೆಯ ಒಂದು ಬಯಲು ಅಂಗಣದಲ್ಲಿ ಸೇರಿ ಬಾಸ್ಕೆಟ್‌ಬಾಲ್ ಆಡುತ್ತಾರೆ. ಆಟಕ್ಕೆ ಎರಡು ಗಂಟೆ ಮೊದಲೇ ಫಿಲೊಮಿನಾ ಹೋಗಿ, ಮಾಸಿದ ಗೆರೆಗಳನ್ನೆಲ್ಲ ಅಳೆದು ಬಿಳಿಯ ಪಟ್ಟಿ ಅಂಟಿಸುತ್ತಾಳೆ.

"ಕಳೆದ ವರ್ಷದ ಗೆರೆ ಹಾಗೆಯೇ ಉಂಟಲ್ಲ ಮಾರಾಯ್ತಿ," ಎಂದು ಗಂಡ ಸಿಡ್ನಿ ಪ್ರತಿ ವರ್ಷವೂ ಕೆಣಕುತ್ತಾನೆ. "ಸಿಮೆಂಟು ಎಂತ ಬೆಳೆಯುತ್ತದಾ?"

"ನೀವು ಟೇಪಿನ ಆ ತುದಿ ಹಿಡಿಯಿರಿ. ಮಾತು ಆಮೇಲೆ."

ಗುಡ್ಡೆ ಕಾಲೇಜಿನ ತಂಡದ ಮೇಲೆ ಅವಳಿಗಿರುವ ಅಭಿಮಾನ ಮೂವತ್ತೆಂಟು ವರ್ಷ ಹಳೆಯದು. ಅದು ಹುಟ್ಟಿದ ಬಗೆಯನ್ನು ಮಾತ್ರ ಅವಳು ಅರ್ಧಕ್ಕಿಂತ ಹೆಚ್ಚು ಯಾರಿಗೂ ಹೇಳಿರಲಿಲ್ಲ.

ಹೇಳುತ್ತಿದ್ದ ಅರ್ಧ ಹೀಗೆ. ಫಿಲೊಮಿನಾ ಮೊದಲ ಬಿ.ಎ.ಗೆ ಸೇರಿದ ವರ್ಷ, ಹುಡುಗಿಯರ ತಂಡಕ್ಕೆ ಆಯ್ಕೆ ನಡೆದಾಗ ಅವಳೂ ಸಾಲಿನಲ್ಲಿ ನಿಂತಳು. ಎತ್ತರ ಸಾಲದೆಂದು ವ್ಯಾಯಾಮದ ಮಾಸ್ತರರು ಕಳುಹಿಸಿಬಿಟ್ಟರು. ಅಂಗಣದ ಅಂಚಿನಲ್ಲಿ ಮೂತಿ ಊದಿಸಿಕೊಂಡು ಕುಳಿತಿದ್ದವಳ ಬಳಿಗೆ ತಂಡದ ನಾಯಕಿ ಬೇಬಿ ಬಂದಳು. ಕೊನೆಯ ವರ್ಷದ ವಿದ್ಯಾರ್ಥಿನಿ. ಉದ್ದನೆಯ ಜಡೆ, ಅದಕ್ಕಿಂತ ಉದ್ದನೆಯ ಕೈ.

"ನೀನು ಹಾಸ್ಟೆಲಿನವಳಲ್ವಾ? ಬೆಳಿಗ್ಗೆ ಬೇಗ ಏಳ್ತೀಯಾ?"

"ಐದಕ್ಕೆ ಏಳ್ತೇನೆ."

"ಹಾಗಾದರೆ ನಮ್ಮ ಗೆರೆ ಎಳೆಯುವ ಕೆಲಸ ನಿನ್ನದು. ಚೆಂಡು ನಮ್ಮದು, ಗೆರೆ ನಿನ್ನದು. ಗೆರೆ ಇಲ್ಲದೆ ಆಟ ಉಂಟಾ?"

ಕೆಂಪು ಮಣ್ಣಿನ ಅಂಗಣ ಅದು. ಪ್ರತಿ ಮಳೆಗಾಲದಲ್ಲಿಯೂ ಗೆರೆಗಳೆಲ್ಲ ತೊಳೆದುಹೋಗುತ್ತಿದ್ದವು. ಮಳೆ ನಿಂತ ಮೇಲೆ ನೆಲಕ್ಕೆ ನೀರು ಹೊಡೆದು, ರೋಲರ್ ಎಳೆದು, ಹೊಸದಾಗಿ ಸುಣ್ಣದ ಗೆರೆ ಹಾಕಬೇಕು. ಫಿಲೊಮಿನಾ ಹಗ್ಗಕ್ಕೆ ಗಂಟು ಹಾಕಿ ಅಳೆದು ಎಲ್ಲವನ್ನೂ ಒಬ್ಬಳೇ ಎಳೆದಳು. ಸಂಜೆ ಹಳದಿ ಬನಿಯನಿನ ಹುಡುಗಿಯರು ತನ್ನ ಗೆರೆಯ ಮೇಲೆ ಓಡಾಡಿದಾಗ, ತಾನೂ ತಂಡದವಳೇ ಎಂದು ಅವಳಿಗೆ ಅನ್ನಿಸಿತು. ಅಭಿಮಾನ ಹುಟ್ಟಿದ್ದು ಅಂದು.

ಹೇಳದೆ ಉಳಿಸಿಕೊಂಡ ಅರ್ಧ ಬೇರೆ. ಆ ವರ್ಷದ ಅಂತರ ಕಾಲೇಜು ಪಂದ್ಯ ಬೇರೆ ಊರಿನಲ್ಲಿ ನಡೆಯಿತು. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರೂ ಬಂದು ಕುಳಿತಿದ್ದರು. ಕೊನೆಯ ಗಳಿಗೆಯಲ್ಲಿ ಗುಡ್ಡೆ ಕಾಲೇಜು ಒಂದು ಅಂಕ ಹಿಂದೆ; ಬೇಬಿಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ ರಿಂಗಿಗೆ ಚೆಂಡು ಹಾಕುವುದು. ಬೇಬಿ ಕಣ್ಣು ಮುಚ್ಚಿ ಹಾಕುತ್ತಿದ್ದ ಚೆಂಡು. ಎರಡು ಎಸೆತಗಳೂ ರಿಂಗನ್ನು ದಾಟಿ ಅದರ ಹಿಂದಿನ ಹಲಗೆಗೆ ಬಡಿದು ಹಿಂದಕ್ಕೆ ಬಂದವು. ತಂಡ ಸೋತಿತು. ಆರಿಸಿದವರ ಪಟ್ಟಿಯಲ್ಲಿ ಬೇಬಿಯ ಹೆಸರು ಬರಲಿಲ್ಲ.

ತನ್ನ ಗೆರೆಯ ಮೇಲೆಯೇ ಅನುಮಾನ ಬಂದು ಮರುದಿನ ಬೆಳಿಗ್ಗೆ ಫಿಲೊಮಿನಾ ಹಗ್ಗ ಹಿಡಿದು ಅಂಗಣಕ್ಕೆ ಓಡಿದಳು. ಫ್ರೀ ಥ್ರೋ ಗೆರೆಯನ್ನು ಹಲಗೆಯ ನೇರದಿಂದ ಹದಿನೈದು ಅಡಿಗೆ ಎಳೆಯಬೇಕು. ಎರಡು ತಿಂಗಳ ಹಿಂದೆ ಅವಳು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟದ್ದು ಹಲಗೆಯಿಂದಲ್ಲ, ರಿಂಗಿನ ನಡುವಿನಿಂದ. ಅಲ್ಲಿಂದ ಇಳಿಬಿಡುವುದು ಸುಲಭವಾಗಿತ್ತು. ರಿಂಗಿನ ನಡು ಹಲಗೆಗಿಂತ ಮುಂದೆ ಇರುವುದರಿಂದ ಗೆರೆ ಒಂದೂಕಾಲು ಅಡಿ ಹಿಂದೆ ಬಿದ್ದಿತ್ತು. ಎರಡು ತಿಂಗಳು ಅಲ್ಲಿಂದ ಎಸೆದು ಪಳಗಿದ ಕೈ, ಸರಿಯಾದ ಗೆರೆಯಲ್ಲಿ ಗುರಿ ದಾಟದೆ ಏನು ಮಾಡೀತು? ಅವಳು ಯಾರೂ ಬರುವ ಮೊದಲೇ ಹಳೆಯ ಗೆರೆಯನ್ನು ಕಾಲಿನಿಂದ ಅಳಿಸಿ ಹೊಸದನ್ನು ಎಳೆದಳು. ಅಂದಿನಿಂದ ಓದು ಮುಗಿಯುವವರೆಗೂ ತಂಡದ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಬಹರೈನಿಗೆ ಬಂದ ಮೇಲೂ ಫಲಿತಾಂಶಕ್ಕಾಗಿ ಊರಿಗೆ ಕಾಗದ ಬರೆಯುತ್ತಿದ್ದಳು.

ಈ ವರ್ಷ ಬೇಬಿಯೇ ಬಹರೈನಿಗೆ ಬಂದಳು. ಮಗಳು ತನ್ವಿ ಇಲ್ಲಿ ನರ್ಸ್. ತಾಯಿಯನ್ನು ಒಂದು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದಳು. ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಗಳು, ಬೇಬಿಯಕ್ಕನೇ ಒಂದು ಫ್ರೀ ಥ್ರೋ ಹಾಕಿ ಆಟ ಆರಂಭಿಸಬೇಕೆಂದು ತೀರ್ಮಾನಿಸಿದರು. ಅದನ್ನು ತಿಳಿಸಲು ಫಿಲೊಮಿನಾ ಫೋನ್ ಮಾಡಿದಾಗ ಬೇಬಿ ನಕ್ಕಳು.

"ಬೇಡ ಮಾರಾಯ್ತಿ. ಬಂದು ಚಪ್ಪಾಳೆ ಹೊಡೀತೇನೆ, ಅಷ್ಟೇ. ಸಮಯಕ್ಕೆ ಸರಿಯಾಗಿ ಕೈ ನಡುಗುವವಳು ನಾನು. ಅವತ್ತೇ ಗೊತ್ತಾಯ್ತಲ್ಲ. ಆಮೇಲೆ ನಾನು ಚೆಂಡು ಮುಟ್ಟಲಿಲ್ಲ."

ಫಿಲೊಮಿನಾ ಫೋನ್ ಕೆಳಗಿಟ್ಟಳು. ಮೂವತ್ತೆಂಟು ವರ್ಷ ಆ ಹೆಂಗಸು ತನ್ನ ಕೈಯನ್ನೇ ನಂಬದೆ ಬಾಳಿದ್ದಳು. ಒಂದು ಅಡಿಯ ತಪ್ಪಿಗೆ ಹಡಗನ್ನೇ ನಿಲ್ಲಿಸುವ ಫಿಲೊಮಿನಾ ಬಾಯಿ ಮುಚ್ಚಿಕೊಂಡು ಬಾಳಿದ್ದಳು.

ಶುಕ್ರವಾರ ಮಧ್ಯಾಹ್ನ ಅವಳು ತನ್ವಿಗೆ ಹೇಳಿ ಬೇಬಿಯನ್ನು ಎರಡು ಗಂಟೆ ಮೊದಲೇ ಅಂಗಣಕ್ಕೆ ಕರೆಸಿಕೊಂಡಳು. ಕ್ಷೇಮಸಮಾಚಾರ ಮುಗಿಯುವಷ್ಟೂ ಕಾಯಲಿಲ್ಲ.

"ಬೇಬಿಯಕ್ಕ, ಅವತ್ತು ನಿಮ್ಮ ಕೈ ನಡುಗಲಿಲ್ಲ. ನನ್ನ ಗೆರೆ ತಪ್ಪಿತ್ತು." ಕಲ್ಲು, ದಾರ, ರಿಂಗು, ಒಂದೂಕಾಲು ಅಡಿ, ಅಳಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಬೇಬಿ ಮುಖ ತಿರುಗಿಸಿ ಬೇಲಿಯ ಕಡೆಗೆ ನಡೆದಳು. ಸಿಡ್ನಿ ಮೊದಲ ಬಾರಿಗೆ ಯಾವ ತಮಾಷೆಯನ್ನೂ ಮಾಡದೆ ಟೇಪಿನ ತುದಿ ಹಿಡಿದುಕೊಂಡಿದ್ದ.

"ಆಗಲೇ ಹೇಳಬಹುದಿತ್ತಲ್ಲ," ಎಂದಳು ಬೇಬಿ, ತಿರುಗದೆ.

"ಹೇಳಬೇಕಿತ್ತು. ತಂಡದಿಂದ ಓಡಿಸ್ತೀರಿ ಅಂತ ಹೆದರಿದೆ."

"ಓಡಿಸುತ್ತಿದ್ದೆ. ಕೋಲು ತೆಗೊಂಡೇ ಓಡಿಸುತ್ತಿದ್ದೆ." ಆಮೇಲೆ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು. "ಹಾಗಾದರೆ ನನ್ನ ಕೈ ಸರಿ ಇತ್ತಾ?"

"ಗೆರೆಗೆ ತಕ್ಕ ಹಾಗೆ ಸರಿ ಇತ್ತು ಅಕ್ಕ. ನೂಲೆಳೆಯಷ್ಟೂ ತಪ್ಪಿರಲಿಲ್ಲ."

"ಹೌದಾ? ಎಳೆ ನೋಡುವ. ಅವತ್ತು ಎಳೆದದ್ದನ್ನೇ ಎಳೆ."

ಫಿಲೊಮಿನಾ ಸಿಡ್ನಿಯನ್ನು ಏಣಿ ಹತ್ತಿಸಿ ರಿಂಗಿನ ನಡುವಿನಿಂದ ದಾರ ಇಳಿಬಿಡಿಸಿದಳು. ಹದಿನೈದು ಅಡಿ ಅಳೆದು, ಸರಿಯಾದ ಗೆರೆಯ ಹಿಂದೆ ಆ ತಪ್ಪು ಗೆರೆಯನ್ನು ಬಿಳಿಯ ಪಟ್ಟಿಯಿಂದ ಅಂಟಿಸಿದಳು. ಬೇಬಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಹಿಂದೆ ನಿಂತಳು.

ಮೊದಲ ಚೆಂಡು ರಿಂಗಿನವರೆಗೂ ಹೋಗಲಿಲ್ಲ. "ಅಮ್ಮಾ, ಭುಜ ಹಿಡಿದೀತು!" ಎಂದು ತನ್ವಿ ಕೂಗಿದಳು.

"ಸುಮ್ಮನಿರು ನೀನು."

ಎರಡನೆಯದು ಅಂಚಿಗೆ ತಾಗಿ ಹೊರಬಿತ್ತು. ಮೂರನೆಯದು ಬಲೆಯನ್ನು ಸರಕ್ಕನೆ ದಾಟಿ ಇಳಿಯಿತು. ಬೇಬಿ ಕುಣಿಯಲಿಲ್ಲ, ಅಳಲಿಲ್ಲ. "ಇನ್ನೊಂದು ಕೊಡು," ಎಂದಳು. ಅದೂ ಬಿತ್ತು.

ಜನ ಸೇರುವ ಹೊತ್ತಿಗೆ ಆಟ ನಡೆಸಿಕೊಡುವ ಎಲ್ರಾಯ್ ಬಂದ. ಅಸ್ಕರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ತರುಣ. ನೆಲ ನೋಡಿ ತಲೆ ಕೆರೆದುಕೊಂಡ.

"ಫಿಲೊಮಿನಕ್ಕ, ಇದೆಂತ, ಎರಡು ಗೆರೆ? ನಿಮ್ಮ ಟೇಪಿಗೂ ವಯಸ್ಸಾಯ್ತಾ? ಯಾವುದನ್ನು ಕೀಳಲಿ?"

"ಯಾವುದನ್ನೂ ಕೀಳಬೇಡ," ಎಂದಳು ಫಿಲೊಮಿನಾ. "ಮುಂದಿನದು ನಿಮಗೆ. ಹಿಂದಿನದು ನಮ್ಮ ನಾಯಕಿಗೆ."

ಬೇಬಿ ಆಗಲೇ ಚೆಂಡು ಹಿಡಿದು ಅಲ್ಲಿ ನಿಂತಿದ್ದಳು.