ಆಯಿಯ ಮಣೆಗೆ ನಾಲ್ಕು ಕಾಲು

1958ರಲ್ಲಿ ಶಿರಸಿ ಪೇಟೆಯಲ್ಲಿ ನನ್ನದೊಂದು ಬಡಗಿ ಅಂಗಡಿ ಇತ್ತು. ಹೊಸ ಸಾಮಾನು ಮಾಡುತ್ತಿದ್ದುದು ಕಡಿಮೆ. ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ವರ್ಗವಾಗಿ ಹೋಗುವ ಸಾಹೇಬರು ಮೇಜು, ಕುರ್ಚಿ, ಕಪಾಟುಗಳನ್ನು ಲಿಲಾವು ಹಾಕಿ ಹೋಗುತ್ತಿದ್ದರು. ಅವನ್ನು ಕೊಂಡು, ರಿಪೇರಿ ಮಾಡಿ, ಪಾಲಿಶ್ ಹಚ್ಚಿ ಮನೆಗಳಿಗೆ ಕೊಡುವುದೇ ನನ್ನ ಕಸುಬು. ಗುಡ್ನಾಪುರದ ಕಡೆಯವನು ನಾನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹಳೆ ಮರಕ್ಕೆ ಹೊಸ ಹೊಳಪು ಕೊಟ್ಟರೆ ಗಿರಾಕಿ ಒಳಗೆ ಏನಿದೆ ಎಂದು ಕೇಳುವುದಿಲ್ಲ ಎಂಬುದು ಆಗಿನ ನನ್ನ ಜ್ಞಾನ.

ಒಂದು ದಿನ ಹೈಸ್ಕೂಲಿನ ಮಾಸ್ತರೊಬ್ಬರು ಬಂದರು. ಅಂಗಡಿಯಲ್ಲಿ ಸಾಗವಾನಿಯ ಎರಡು ಕೈಕುರ್ಚಿಗಳಿದ್ದವು, ಒಂದೇ ಬಂಗಲೆಯ ಜೋಡಿ. ಅವನ್ನು ಮುಟ್ಟಿ ನೋಡುತ್ತಾ ನಿಂತರು, ಬೆಲೆ ಕೇಳಲಿಲ್ಲ.

“ಆಚಾರ್ರೇ, ನಮ್ಮ ಆಯಿ ಅನ್ನ ಉಂಡು ಹದಿನೈದು ದಿನ ಆತು,” ಎಂದರು.

ಆಯಿ ಎಂದರೆ ಅವರ ತಾಯಿ. ಮಂಡಿ ಊದಿ ನೆಲದ ಮೇಲಿನ ಮಣೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿದರೆ ಹಿಡಿಯಲು ಕೈಯಿಲ್ಲ; ಒಮ್ಮೆ ಬಿದ್ದೂ ಬಿಟ್ಟಿದ್ದರು. ಕುರ್ಚಿಯೆಂದರೆ ಚರ್ಮದ ಸೀಟು, ಮಡಿಗೆ ಆಗದು. ಕೂತು ಉಣ್ಣಲಾರದ ಮೇಲೆ ಅನ್ನವೇ ಬೇಡವೆಂದು ಹಾಲು, ಬಾಳೆಹಣ್ಣಿನಲ್ಲೇ ದಿನ ತೆಗೆಯುತ್ತಿದ್ದರು. ಆಯಿ ಹೀಗೇ ಹೋಗಿಬಿಡುತ್ತಾರೇನೋ ಎಂದು ಮಗನಿಗೆ ಭಯ.

ಸಂಜೆ ಒಂದು ಕುರ್ಚಿ ಹೊತ್ತು ಅವರ ಮನೆಗೆ ಹೋದೆ. ಆಯಿ ಬಾಗಿಲಿಗೆ ಒರಗಿ ನಿಂತಿದ್ದರು. ಬಡಕಲು ದೇಹ, ಕಣ್ಣು ಮಾತ್ರ, ಅಬ್ಬಾ, ನನ್ನ ಉಳಿಯಷ್ಟೇ ಚೂಪು.

“ಚರ್ಮ ಇದ್ದಲಾ ತಮಾ ಇದ್ರಲ್ಲಿ,” ಎಂದರು.

ಅವರೆದುರೇ ಚರ್ಮದ ಸೀಟನ್ನು ಕಿತ್ತು ಅಂಗಳಕ್ಕೆ ಎಸೆದೆ. “ಈಗ ಹೋತ್ರಿ ಆಯಿ!”

ಅವರು ನಕ್ಕರು. ಒಳಗಿನಿಂದ ತಮ್ಮ ಮಣೆಯನ್ನೇ ತರಿಸಿದರು. ಹಲಸಿನ ಮಣೆ, ಮದುವೆಯಾಗಿ ಬಂದಂದಿನಿಂದ ಕೂತು ಕೂತು ನಡುವೆ ನುಣ್ಣಗಾಗಿತ್ತು. “ಇದನ್ನೇ ಕೂರ್ಸು. ಕುರ್ಚಿ ಹೇಳದು ಬ್ಯಾಡ, ಯನ್ನ ಮಣೆಗೇ ಕಾಲು ಬಂತು ಹೇಳಿ ಆಗ್ಲಿ.”

ಎಂಥ ಉಪಾಯ! ಖುಷಿಯಿಂದ ಅಂಗಡಿಗೆ ಬಂದೆ. ಸಡಿಲಾದ ಸಂದುಗಳನ್ನು ಬಿಗಿ ಮಾಡಲು ಒಲೆಯ ಮೇಲೆ ಸರೇಸಿನ ಡಬ್ಬಿ ಇಟ್ಟೆ. ಸರೇಸು ಎಂದರೆ ಆಗ ಎಲ್ಲ ಬಡಗಿಗಳೂ ಬಳಸುತ್ತಿದ್ದ ಅಂಟು. ಕಾದು ವಾಸನೆ ಬಂದಾಗ ನನ್ನ ಕೈ ನಿಂತಿತು. ದನದ ಚರ್ಮ, ಎಲುಬು ಬೇಯಿಸಿಯೇ ಅದನ್ನು ಮಾಡುವುದು. ಚರ್ಮ ಹೋಯಿತು ಎಂದು ಜಂಬ ಕೊಚ್ಚಿ ಬಂದಿದ್ದೆನಲ್ಲ, ಆ ಕುರ್ಚಿಯ ಹದಿನೆಂಟು ಸಂದುಗಳಲ್ಲೂ ಅದೇ ತುಂಬಿತ್ತು.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಮುದುಕಿ ಉಂಡರೆ ಸಾಕು, ಪುಣ್ಯದ ಸುಳ್ಳು’ ಎಂದು ಮನಸ್ಸು ವಕೀಲಿಕೆಯನ್ನೂ ಮಾಡಿತು. ಆದರೆ ಆ ಮಣೆ ಎದುರಿಗೇ ಇತ್ತು. ಒಂದು ಜನ್ಮ ಕೂತ ಮಣೆಯನ್ನು ನಂಬಿ ಕೊಟ್ಟವರಿಗೆ ಮೋಸ ಮಾಡಲು ನನ್ನಿಂದ ಆಗಲಿಲ್ಲ.

ಡಬ್ಬಿ ಇಳಿಸಿದೆ. ಕುರ್ಚಿಯನ್ನು ಪೂರ್ತಿ ಬಿಚ್ಚಿ, ಒಂದೊಂದು ಸಂದಿಗೂ ಬಿಸಿನೀರು ಹಾಕಿ ಹಳೆ ಅಂಟನ್ನು ಕೆರೆದು ತೆಗೆದೆ. ಪಾಲಿಶ್ ಸಹ ಅರಗಿನದು, ಅರಗು ಹುಳದಿಂದ ಬಂದದ್ದು, ಅದನ್ನೂ ಕೆರೆದೆ. ಇನ್ನು ಅಂಟಿಲ್ಲದೆ ನಿಲ್ಲಿಸುವುದು ಹೇಗೆ? ನನ್ನ ಅಪ್ಪ ನೇಗಿಲು, ಗಾಡಿ ಮಾಡುತ್ತಿದ್ದ ಕ್ರಮ ನೆನಪಾಯಿತು. ಸಂದನ್ನು ಕೂದಲೂ ತೂರದಷ್ಟು ಬಿಗಿಯಾಗಿ ಕೆತ್ತಿ, ಅಡ್ಡಕ್ಕೆ ತೂತು ಕೊರೆದು, ಒಣಗಿದ ಬಿದಿರಿನ ಮೊಳೆ ಬಡಿಯುವುದು. ಅರ್ಧ ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಮಾಸ್ತರು ದಿನಾ ಬಂದು, “ಆತಾ?” ಎಂದು ಕೇಳಿ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ನಡುವೆ ಜೋಡಿಯ ಇನ್ನೊಂದು ಕುರ್ಚಿಗೆ ಎಂದಿನಂತೆ ಸರೇಸು, ಪಾಲಿಶ್ ಹಚ್ಚಿ ಅವರಿಗೇ ಓದಲು ಕೂರಲೆಂದು ಕೊಟ್ಟೆ.

ಐದನೆಯ ದಿನ ಆಯಿಯ ಕುರ್ಚಿ ಒಯ್ದು ಇಟ್ಟೆ. “ಆಯಿ, ನಾ ಮೊದ್ಲ ಹೇಳಿದ್ದು ತಪ್ಪಾತ್ರಿ. ಇದರ ಸಂದ್ಯಾಗ ಚರ್ಮದ ಅಂಟು ಇತ್ತು. ಎಲ್ಲಾ ಬಿಚ್ಚಿ ತೊಳದೇನಿ. ಈಗ ಬರೇ ಮರ, ಬಿದಿರು. ಬ್ಯಾಡ ಅಂದ್ರ ಒಯ್ತೇನ್ರಿ.”

ಆಯಿ ಕೇಳಿದರು: “ನೀ ಹೇಳದೇ ಇದ್ರೆ ಯಂಗೆ ಗೊತ್ತಾಗ್ತಿತ್ತಾ?”

“ಇಲ್ರಿ.”

“ಹಂಗಾರೆ ಮೊದ್ಲು ನೀನೇ ಕೂತ್ಗ. ಮಾಡಿದವ ಕೂರದ ಕುರ್ಚಿ ಮೇಲೆ ಆನು ಕೂರ್ತಿಲ್ಲೆ.”

ಕೂತೆ. ಆ ಮಣೆಯ ಮೇಲೆ! ಮಾಸ್ತರು ಬಾಯಿ ತೆರೆದು ನಿಂತುಬಿಟ್ಟರು. ನಾನು ಎದ್ದ ಮೇಲೆ ಆಯಿ ಕುರ್ಚಿಗೆ ಎರಡು ಕೊಡ ನೀರು ಹೊಯ್ಯಿಸಿದರು, ಬೇಸರದಿಂದಲ್ಲ, ಅದು ಅವರ ಪದ್ಧತಿ. ಆಮೇಲೆ ಕುರ್ಚಿಯ ಕೈಗಳನ್ನು ಹಿಡಿದು ಮೆಲ್ಲಗೆ ಕೂತರು. ಅನ್ನ ಬಂತು. ಜಗಲಿಯಲ್ಲಿ ಕೂತಿದ್ದ ನನಗೆ ಒಳಗಿನಿಂದ, “ಇನ್ನೊಂದ್ಚೂರು ಸಾರು ಹಾಕೇ,” ಎಂದು ಆಯಿ ಸೊಸೆಗೆ ಹೇಳಿದ್ದು ಕೇಳಿಸಿತು. ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ.

ಎರಡು ತಿಂಗಳ ಮೇಲೆ ಮಾಸ್ತರು ಒಂದು ಚೀಲ ತಂದು ಅಂಗಡಿಯಲ್ಲಿ ಸುರಿದರು. ಓದುವ ಕುರ್ಚಿಯ ಕಾಲು, ಕೈ! ಮನೆಯವರು ಅದನ್ನು ಬಚ್ಚಲಿಗೆ ಒಯ್ದು ಅದರ ಮೇಲೆ ನೀರಿನ ಕೊಡ ಇಡುತ್ತಿದ್ದರಂತೆ. ಆ ದಿನ ತಾಮ್ರದ ಕೊಡದ ಸಮೇತ ಕುಸಿದಿತ್ತು.

“ಆಯಿಯ ಕುರ್ಚಿ?” ಎಂದೆ.

“ಅದಕ್ಕೆ ದಿನಾ ಊಟಕ್ಕೆ ಮೊದಲು ಎರಡು ಕೊಡ ನೀರು ಹೊಯ್ತಾರೆ. ಅಲ್ಲಾಡಿಲ್ಲ.”

ಸರೇಸು ನೀರಿಗೆ ಬಿಡುತ್ತದೆಂದು ಯಾವ ಬಡಗಿಗೂ ಗೊತ್ತು. ಕುರ್ಚಿಗೆ ದಿನಾ ಸ್ನಾನ ಎಂಬುದು ಮಾತ್ರ ನನ್ನ ತಲೆಗೇ ಹೊಳೆದಿರಲಿಲ್ಲ! ಆ ಒಂದು ಸುಳ್ಳು ಹೇಳಿದ್ದರೆ ಕೊಡದ ಜಾಗದಲ್ಲಿ ಆಯಿ ಇರುತ್ತಿದ್ದರು.

ಆಗಲೇ ಅವರ ಮನೆಗೆ ನಡೆದೆ. “ಆಯಿ, ನಿಮ್ಮ ಮಡಿ ನಿಮ್ಮನ್ನೂ ಉಳಿಸ್ತು, ನನ್ನನ್ನೂ ಉಳಿಸ್ತು,” ಎಂದು ನಡೆದದ್ದನ್ನೆಲ್ಲ ಹೇಳಿದೆ.

“ಮಡಿ ಎಂತ ಉಳಿಸ್ತು ಮಾರಾಯ? ನಿಂಗೆ ಸುಳ್ಳು ಹೇಳಲೆ ಬತ್ತಿಲ್ಲೆ, ಅದು ಉಳಿಸ್ತು. ಉಂಡ್ಕಂಡು ಹೋಗು.”

ಮುಂದೆ ನಾನು ಮಾಡಿದ ಯಾವ ಸಂದೂ ಅಂಟನ್ನು ನಂಬಿ ನಿಂತಿಲ್ಲ. ಮೊದಲು ಮರವೇ ಮರವನ್ನು ಹಿಡಿಯಬೇಕು, ಆಮೇಲೆ ಬೇಕಾದರೆ ಅಂಟು. ಅಂದು ಜಗಲಿಯಲ್ಲಿ ನನಗೆ ಎಲೆ ಹಾಕಿದರು. ಆಯಿ ಕುರ್ಚಿಯನ್ನು ಬಾಗಿಲ ತನಕ ಎಳೆಸಿಕೊಂಡು, ನಾನು ಉಂಡು ಏಳುವವರೆಗೂ ಎದುರಿಗೇ ಕೂತಿದ್ದರು.