ಬಂಡೆಗೆ ಮೂರು ಸುತ್ತು

ಟಿವಿ ರಿಮೋಟಿಗೆ ಸೆಲ್ಲು ಹುಡುಕಲು ಇವತ್ತು ಬೆಳಗ್ಗೆ ಷೋಕೇಸಿನ ಕೆಳಗಿನ ಡ್ರಾಯರ್ ಎಳೆದೆ. ಸೆಲ್ಲು ಸಿಗಲಿಲ್ಲ. ಸಿಕ್ಕಿದ್ದು ಸೋಪಿನ ಡಬ್ಬಿಯಷ್ಟು ದಪ್ಪದ ಒಂದು ಹಳದಿ ಯಂತ್ರ. ಅದರ ಮೇಲಿನ ರಬ್ಬರು ಕರಗಿ ಬೆಲ್ಲದ ಪಾಕದ ಹಾಗೆ ಕೈಗೆ ಅಂಟಿತು. ನೋಡಿದ ಕೂಡಲೇ ನಗು ಬಂತು. ನಗುವ ಹೊತ್ತೇನೂ ಅಲ್ಲ ಅದು. ಅರ್ಧ ಗಂಟೆ ಹಿಂದಷ್ಟೇ ಮಾವನವರಿಗೂ ನನಗೂ ಜಗಳವಾಗಿತ್ತು. ಎಂಬತ್ತೆರಡು ದಾಟಿದ ಅವರಿಗೆ ಮಲ್ಕಾಜ್‌ಗಿರಿ ಸ್ಟೇಷನ್ನಿಗೆ ಒಬ್ಬರೇ ನಡೆದುಹೋಗಿ, ರೈಲು ನೋಡಿಕೊಂಡು ಬರಬೇಕಂತೆ. "ಒಬ್ಬರ ಬ್ಯಾಡ್ರಿ ಮಾವಾರ, ಸಂಜಿಗೆ ನಾನ ಕರ್ಕೊಂಡು ಹೋಗ್ತೀನಿ" ಅಂದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತುಬಿಟ್ಟರು.

ಆ ಹಳದಿ ಯಂತ್ರ ಕೈಯಲ್ಲಿ ಹಿಡಿಯುವ ಜಿಪಿಎಸ್. ಈಗ ನೋಡಿ, ಫೋನಿನೊಳಗಿನ ಹೆಣ್ಣುಮಗಳು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಸಂದುಗೊಂದಿನಲ್ಲೂ ಕೈಹಿಡಿದು ನಡೆಸುತ್ತಾಳೆ. ಮಾದಾಪುರದ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಆ ದಿನಗಳಲ್ಲಿ ಅವಳಿನ್ನೂ ಹುಟ್ಟಿರಲಿಲ್ಲ. ನನ್ನಂಥವಳ ಪಾಡು ದೇವರಿಗೇ ಪ್ರೀತಿ. ದಿಕ್ಕು ಎನ್ನುವುದನ್ನು ಬ್ರಹ್ಮ ನನ್ನ ತಲೆಯಲ್ಲಿ ಇಡಲೇ ಇಲ್ಲ. ರಾಯಚೂರಿನಿಂದ ಈ ತೆಲುಗು ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ದಿಲ್‌ಸುಖ್‌ನಗರಕ್ಕೆ ಬ್ಲೌಸ್ ಪೀಸ್ ತರಲು ಹೋಗಿದ್ದೆ. ಆ ಅಂಗಡಿಗೆ ಎರಡು ಬಾಗಿಲು. ಒಂದರಿಂದ ಒಳಗೆ ಹೋದವಳು ಇನ್ನೊಂದರಿಂದ ಹೊರಗೆ ಬಂದೆ. ಅಷ್ಟೇ ಸಾಕಾಯಿತು, ಮನೆ ಮುಟ್ಟಲು ಮೂರು ತಾಸು.

ಅವತ್ತಿನಿಂದ ಮಾವನವರು ನನ್ನನ್ನು ಒಬ್ಬಳೇ ಎಲ್ಲಿಗೂ ಕಳಿಸಲಿಲ್ಲ. ರೈಲಿನ ಇಂಜಿನ್ ಡ್ರೈವರ್ ಆಗಿ ಆಗಷ್ಟೇ ರಿಟೈರಾಗಿದ್ದರು. ನನಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿತು ನೋಡಿ, ಬೆಳಗ್ಗೆ ಎರಡು ಬಸ್ಸು ಬದಲಿಸಿ ನನ್ನನ್ನು ಆಫೀಸಿನ ಗೇಟಿನವರೆಗೆ ಬಿಟ್ಟು ಹೋಗುವರು, ಸಂಜೆ ಮತ್ತೆ ಹಾಜರು. "ಮೇಡಮ್, ನಿಮ್ಮ ಗಾರ್ಡ್ ಬಂದರು" ಎಂದು ಜೊತೆಯವರು ನಗುತ್ತಿದ್ದರು. ಒಮ್ಮೆ ಅದು ಅವರ ಕಿವಿಗೆ ಬಿತ್ತು. "ಗಾರ್ಡ್ ಅಲ್ರಿ, ನಾನು ಡ್ರೈವರ್" ಎಂದು ಗಂಭೀರವಾಗಿ ತಿದ್ದಿದರು. ಅವರ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ತಿಂಗಳ ಸಂಬಳ ತರುವ ಹೆಣ್ಣುಮಗಳಿಗೆ ಬಸ್ಸಿನಲ್ಲಿ ಒಬ್ಬಳೇ ಕಿಟಕಿ ಪಕ್ಕ ಕೂತು ಹೋಗುವ ಆಸೆ ಇರುವುದಿಲ್ಲವೇ? ಆ ಒಂದು ಆಸೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ನಮ್ಮ ಟೀಮಿನ ಮುಖ್ಯಸ್ಥ ವೆಂಕಟ್ ಆಗ ಪರದೇಶದಿಂದ ಹೊಸದಾಗಿ ಒಂದು ಹುಚ್ಚು ಹತ್ತಿಸಿಕೊಂಡು ಬಂದಿದ್ದ. ನಾಲ್ಕು ದಪ್ಪ ಚಕ್ರದ ಕ್ವಾಡ್ ಬೈಕುಗಳ ಮೇಲೆ ದಾರಿಯೇ ಇಲ್ಲದ ಕಡೆ ತಿರುಗುವುದು. ಶಂಶಾಬಾದಿನ ಆಚೆ, ಬರೀ ಬಂಡೆ, ಜಾಲಿ ಗಿಡ ಇದ್ದ ಬಯಲಿನಲ್ಲಿ ಯಾರೋ ಅವನ್ನು ಬಾಡಿಗೆಗೆ ಕೊಡುತ್ತಿದ್ದರು. ಭಾನುವಾರ ಎಲ್ಲರೂ ಮನೆಯವರನ್ನು ಕರೆದುಕೊಂಡು ಬನ್ನಿ, ಒಬ್ಬರು ಜಿಪಿಎಸ್ ಹಿಡಿದು ಮುಂದೆ ಹೋಗಬೇಕು, ಉಳಿದವರು ಹಿಂಬಾಲಿಸಬೇಕು ಅಂದ. ನನ್ನ ಕೈ ತಾನಾಗಿಯೇ ಮೇಲೆದ್ದಿತ್ತು. ಅವತ್ತು ರಾತ್ರಿ ಊಟದ ಹೊತ್ತಿಗೆ ಮಾವನವರ ಮುಂದೆ ಷರತ್ತು ಇಟ್ಟೆ.

"ಅಲ್ಲಿ ಎಲ್ಲಾರನೂ ಕರ್ಕೊಂಡು ಹೋಗಿ ಕರ್ಕೊಂಡು ಬಂದ್ರ, ಸೋಮವಾರದಿಂದ ಆಫೀಸಿಗೆ ನಾ ಒಬ್ಬಾಕಿನ. ಹೂಂ ಅನ್ರಿ."

ಅವರು ರೊಟ್ಟಿ ಮುರಿಯುತ್ತಾ ಯೋಚಿಸಿದರು. "ಹೂಂ. ಆದ್ರ ನಿನ್ನ ಗಾಡಿ ಹಿಂದ ನಾ ಕೂಡ್ತೀನಿ."

ವಾರವಿಡೀ ಮಹಡಿಯ ಮೇಲೆ, ವೆಂಕಟ್ ನನಗೇ ಕೊಟ್ಟುಬಿಟ್ಟ ಆ ಹಳದಿ ಯಂತ್ರವನ್ನು ಆಕಾಶಕ್ಕೆ ಹಿಡಿದು ಅಭ್ಯಾಸ ಮಾಡಿದೆ. ಅದಕ್ಕೆ ಉಪಗ್ರಹಗಳು ಸಿಗುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದಿರುತ್ತಿತ್ತು. ಪಕ್ಕದ ಮನೆಯಾಕೆ ನಾನು ಮಳೆಗೆ ಹರಕೆ ಹೊತ್ತಿದ್ದೇನೆ ಎಂದುಕೊಂಡಿದ್ದರಂತೆ.

ಭಾನುವಾರ ಬಂತು. ನಮ್ಮ ವ್ಯಾನು ನಿಂತ ಹುಣಸೆ ಮರದ ಹತ್ತಿರ ಗುಂಡಿ ಒತ್ತಿ ಜಾಗ ಗುರುತು ಮಾಡಿದೆ. ಹೊರಡುವ ಮೊದಲು ಮಾವನವರು ಹೆಲ್ಮೆಟ್ಟಿನೊಳಗಿನಿಂದ "ಮದಲ ಬ್ರೇಕ್ ಚೆಕ್ ಮಾಡು" ಎಂದು ಅಪ್ಪಣೆ ಕೊಟ್ಟರು. ನಮ್ಮದು ಮುಂದೆ, ಹಿಂದೆ ಮೂರು ಗಾಡಿ. ಬಂಡೆಗಳ ನಡುವೆ ಎಗರುತ್ತಾ, ಕುಲುಕುತ್ತಾ ಆಚೆಯ ಕೆರೆಯ ಏರಿಯನ್ನು ಮುಟ್ಟಿದೆವು. ದಾರಿಯಲ್ಲಿ ಆನೆಗಾತ್ರದ ಬಂಡೆಯೊಂದರ ಹತ್ತಿರ ವೆಂಕಟ್ ಫೋಟೋ ಹೊಡೆಯಬೇಕೆಂದ. ನಾವು ಉತ್ಸಾಹದಲ್ಲಿ ಅದನ್ನು ಮೂರು ಸುತ್ತು ಹಾಕಿದ್ದೆವು.

ಬರುವಾಗ ನೋಡುತ್ತೇನೆ, ಎಲ್ಲ ಬಂಡೆಗಳೂ ಒಂದೇ ತಾಯಿಯ ಮಕ್ಕಳು! ಬಂದ ದಾರಿಯಲ್ಲೇ ವಾಪಸ್ಸು ಕರೆದೊಯ್ಯುವ ಸೌಲಭ್ಯ ಯಂತ್ರದಲ್ಲಿತ್ತು, ಅದನ್ನು ಒತ್ತಿದೆ. ಪರದೆಯ ಮೇಲೆ ಚುಕ್ಕಿಗೆರೆ ಮೂಡಿತು. ನಾನು ತಲೆ ಎತ್ತದೆ ಆ ಗೆರೆಯ ಮೇಲೇ ಗಾಡಿ ಬಿಟ್ಟೆ. ಅದು ಎಷ್ಟು ನಿಯತ್ತಿನ ಯಂತ್ರವೆಂದರೆ ನಾವು ಸುತ್ತಿದ್ದನ್ನೂ ಬಿಟ್ಟಿರಲಿಲ್ಲ. ನಾನು ಬಂಡೆಯನ್ನು ಒಂದು ಸುತ್ತು ಹಾಕಿದೆ, ಎರಡು ಹಾಕಿದೆ, ಮೂರೂ ಹಾಕಿದೆ. ನನ್ನ ಹಿಂದೆ ಮೂರು ಗಾಡಿಗಳೂ ನಂಬಿಕೆಯಿಂದ ಸುತ್ತಿದವು. ನೆರಳಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಮುದುಕ ನೋಡುವಷ್ಟು ನೋಡಿ, "ಏಂದಮ್ಮಾ, ಇಕ್ಕಡ ಗುಡಿ ಲೇದು ಗದಾ! ಎವರಿಕಿ ಈ ಪ್ರದಕ್ಷಿಣಾಲು?" ಎಂದು ಕೂಗಿದ. ಇಲ್ಲಿ ಗುಡಿಯೇ ಇಲ್ಲವಲ್ಲ, ಯಾರಿಗಮ್ಮ ಈ ಪ್ರದಕ್ಷಿಣೆ ಎಂದು ಅವನ ಪ್ರಶ್ನೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಗಾಡಿ ನಿಲ್ಲಿಸಿದೆ. ನಾಚಿಕೆಯಿಂದ ಅಳುವೇ ಬಂತು. ಹೋಯಿತು, ನನ್ನ ಸೋಮವಾರ ಹೋಯಿತು. ಹಿಂದೆ ತಿರುಗಿ, "ಯಾವ ಕಡೆ ಹೋಗೂಣ್ರಿ ಮಾವಾರ?" ಅಂದೆ.

ಅವರು ಹೆಲ್ಮೆಟ್ ತೆಗೆದು ಸುತ್ತಲೂ ನೋಡಿದರು. ಆ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಕಂಡಿರಲಿಲ್ಲ.

"ನನಗೇನು ಕೇಳ್ತಿಯವಾ? ನಾ ಒಂದಿನಾನೂ ದಾರಿ ಹುಡುಕಿದಾಂವ ಅಲ್ಲ. ಹಳಿ ಇತ್ತು, ಸಿಗ್ನಲ್ ಹಸರಾತು, ಹೋದೆ. ಹಳಿ ಇಲ್ಲದ ಕಡೆ ನನಗೂ ಏನೂ ತಿಳಿಯಂಗಿಲ್ಲ." ಆಮೇಲೆ ಮೆಲ್ಲಗೆ, "ನಿನ್ನ ಡಬ್ಬಿ ಐತೆಲ್ಲ, ಅದನ್ನ ನೋಡು. ನನ್ನ ನೋಡಬ್ಯಾಡ" ಅಂದರು.

ಚುಕ್ಕಿಗೆರೆಯನ್ನು ಅಳಿಸಿ ಹುಣಸೆ ಮರದ ಗುರುತನ್ನು ಮಾತ್ರ ಕೇಳಿದೆ. ಬಾಣವೊಂದು ಬಂತು, ಆದರೆ ಹುಚ್ಚುಹಿಡಿದಂತೆ ಅತ್ತಿತ್ತ ತಿರುಗತೊಡಗಿತು. "ಆಗಿತೇ ಚೂಪಿಂಚದು ಮೇಡಮ್, ಕದಲಾಲಿ" ಎಂದ ವೆಂಕಟ್. ನಿಂತಲ್ಲಿ ಅದು ದಿಕ್ಕು ತೋರಿಸುವುದಿಲ್ಲ, ಚಲಿಸುತ್ತಿರಬೇಕು. ಗಾಡಿ ಬಿಟ್ಟೆ, ಬಾಣ ನೆಟ್ಟಗಾಯಿತು. ನೇರ ಹೋದರೆ ಕಲ್ಲುಗುಂಡಿ. ಬಳಸಿಕೊಂಡು ಹೋದೆ, ಬಾಣವನ್ನು ಮತ್ತೆ ಹಿಡಿದೆ, ಮತ್ತೆ ಬಳಸಿದೆ. ಕೊನೆಗೆ ಹುಣಸೆ ಮರ ಕಂಡಾಗ ಮಾವನವರು ಹಿಂದಿನಿಂದ ನನ್ನ ಹೆಲ್ಮೆಟ್ಟಿನ ಮೇಲೆ ಎರಡು ಸಲ ತಟ್ಟಿದರು.

ಮಾತಿಗೆ ತಪ್ಪುವವರಲ್ಲ ಅವರು. ಸೋಮವಾರ ನಮ್ಮ ಮನೆಯ ಗೇಟಿನವರೆಗೆ ಬಂದು ನಿಂತರು, ಮುಂದೆ ಬರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಬಾಯಿಬಿಡದ ಒಂದು ವಿಷಯ ನಿಮಗೆ ಹೇಳುತ್ತೇನೆ. ಅವತ್ತೇ ನಾನು ತಪ್ಪು ಬಸ್ಸು ಹತ್ತಿ ಎಲ್ಲೋ ಇಳಿದು, ಆಫೀಸಿಗೆ ತಾಸು ತಡವಾಗಿ ಹೋದೆ. ಆಮೇಲೂ ಎಷ್ಟು ಸಲ ದಾರಿ ತಪ್ಪಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಮನೆಗೆ ಬಂದಿದ್ದೇನಲ್ಲ! ಈ ಊರು ನನ್ನದಾಗಿದ್ದೇ ಹಾಗೆ.

ಡ್ರಾಯರ್ ಮುಂದೆ ಕೂತು ಇದನ್ನೆಲ್ಲ ನೆನೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಎದ್ದುಹೋಗಿ, "ಮಾವಾರ, ಹೋಗಿಬರ್ರಿ" ಅಂದೆ.

ಪೇಪರು ಕೆಳಗಿಳಿಯಿತು. "ನೀ ಬರಂಗಿಲ್ಲೇನು?"

"ಇಲ್ರಿ."

ಅವರು ಚಪ್ಪಲಿ ಮೆಟ್ಟಿದ ಅವಸರ ನೋಡಿ ನನಗೆ ಕೊಂಚ ಬೇಜಾರೇ ಆಯಿತು. ಹೋಗಿಬರಲು ಅರ್ಧ ತಾಸು ಸಾಕು. ಒಂದು ತಾಸಾಯಿತು. ಫೋನ್ ಮಾಡಿದರೆ ಅದು ಅವರ ಕುರ್ಚಿಯ ಮೇಲೆಯೇ ಬಡಿದುಕೊಂಡಿತು. ಗೇಟಿಗೂ ಅಡುಗೆಮನೆಗೂ ಓಡಾಡಿ ಕಾಲು ಸೋತಿತು. ಒಬ್ಬರನ್ನು ಕಳಿಸಿ ಮನೆಯಲ್ಲಿ ಕೂರುವುದು ಎಷ್ಟು ಕಷ್ಟವೆಂದು ಇವತ್ತೇ ತಿಳಿದಿದ್ದು.

ಒಂದೂವರೆ ತಾಸಿಗೆ ಬಂದರು, ಅದೂ ಓಣಿಯ ಆ ತುದಿಯಿಂದ, ಸ್ಟೇಷನ್ ಇಲ್ಲದ ಕಡೆಯಿಂದ. ಅಂಗಿ ಬೆವರಿಗೆ ಒದ್ದೆಯಾಗಿತ್ತು, ಕೈಯಲ್ಲಿ ಸೀಬೆಹಣ್ಣಿನ ಚೀಲವಿತ್ತು. ಬಯ್ಯಬೇಕೆಂದು ಬಾಯಿ ತೆರೆದವಳು ಮೊದಲು ಚೀಲ ತೆಗೆದುಕೊಂಡೆ. ಅವರು ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡು, ಕಣ್ಣರಳಿಸಿ ನನ್ನನ್ನು ನೋಡಿದರು.

"ದಾರಿ ತಪ್ಪಿದ್ದೆ ನೋಡವಾ. ಭಾಳ ಚಲೋ ಅನಿಸ್ತು."