ಮುರಿದ ಗಾಣದ ಮರ

ಕಂಪ್ಲಿಗೆ ಕಬ್ಬಿಣದ ಗಾಣ ಬಂದ ವರ್ಷ, ಬಡಗಿ ಮೌನೇಶಪ್ಪ ಕಡೆದು ನಿಲ್ಲಿಸಿದ್ದ ಮರದ ಗಾಣವನ್ನು ರೈತರು ಕಿತ್ತು ಬೇಲಿಯಾಚೆ ಎಸೆದರು. ಕಬ್ಬಿನ ಹಾಲು ಕುಡಿದು ಕಪ್ಪಾಗಿದ್ದ ಜಾಲಿ ಮರದ ಉರುಳೆಗಳನ್ನು ಅವನು ಮನೆಗೆ ತಂದು, ಸೀಳಿ, ಮೊದಲು ಮಂಚ ಮಾಡಿದ. ಇರುವೆ ಮುತ್ತಿತೆಂದು ಕೊಂಡವರು ಮೂರನೇ ದಿನವೇ ವಾಪಸು ತಂದಿಟ್ಟರು. ತೊಟ್ಟಿಲು ಮಾಡಿ ಮಗಳ ಕೂಸನ್ನು ಮಲಗಿಸಿದ. ಗಳಿಗೆಯೊಳಗೆ ಅದರ ಮೈಯೆಲ್ಲ ಕೆಂಪು ದದ್ದು. ಕುದಿನೀರು ಸುರಿದ, ಸುಣ್ಣ ಬಳಿದ, ಬೇವಿನೆಣ್ಣೆ ಹಚ್ಚಿದ. ಇಪ್ಪತ್ತು ವರ್ಷ ಕುಡಿದ ಸಿಹಿ, ಬಿಡೆಂದರೆ ಬಿಟ್ಟೀತೆ?

"ಒಲಿಗಾದ್ರೂ ಹಾಕ್ರಿ, ಇನ್ನೇನು ಮಾಡ್ತೀರಿ ಇದನ್ನ?" ಎಂದಳು ಹೆಂಡತಿ ಜಂಬಕ್ಕ.

ಮೌನೇಶಪ್ಪ ತೊಟ್ಟಿಲ ಮೇಲೆ ಸಾಲುಗಟ್ಟಿದ್ದ ಇರುವೆಗಳನ್ನೇ ನೋಡುತ್ತಿದ್ದ.

"ಊರಾಗ ಇದನ್ನ ಇನ್ನೂ ಗಾಣ ಅನ್ನೋವು ಈ ಇರುವಿ ಅಷ್ಟ," ಎಂದವನೇ ಕೊಡಲಿಯನ್ನು ಅವಳ ಕೈಗೇ ಕೊಟ್ಟು ಹೊರಗೆ ನಡೆದ.